ಊಟಕ್ಕುಂಟು ಲೆಕ್ಕಕ್ಕಿಲ್ಲ

ಮಸಾಕ ದಾಟಿದ ಮೇಲೆ ಕೆಂಪು ಮಣ್ಣಿನ ರಸ್ತೆ.
ಬಾಡಿಗೆ ಬೈಕಿನ ಹಿಂದೆ ಕೂತು ಬಂದೆ
ಬೆಳೆ ಗಣತಿಯ ಹಾಳೆಗಳ ಎದೆಗೊತ್ತಿಕೊಂಡು.
ಹನ್ನೊಂದನೆಯ ಮನೆ. ಯಜಮಾನ ಸೆಬುನ್ಯ
ಕುರ್ಚಿ ಹಾಕಿಸಿದ, ಗಂಟಲು ಸರಿಮಾಡಿಕೊಂಡ:
ಕಾಫಿ, ಒಂದೂವರೆ ಎಕರೆ. ಮೆಕ್ಕೆಜೋಳ, ಅರ್ಧ.
ಬಾಳೆ? ಬರೆದುಕೊಳ್ಳಿ, ನೂರಾ ಹತ್ತು ಬುಡ.
ಮನೆ ಹಿಂದೆ?
ಹಿಂದೇನಿದೆ, ಏನೂ ಇಲ್ಲ. ಅವಳದೇನೋ ಸೊಪ್ಪುಸದೆ.

ಸೊನ್ನೆ ಬರೆದೆ. ದುಂಡಗೆ.

ಕೈ ತೊಳೆಯಲು ಹಿತ್ತಲಿಗೆ ಹೋದರೆ
ಆ ಸೊನ್ನೆಯೊಳಗೇ ಕಾಲಿಟ್ಟಂತಾಯಿತು:
ತೂತು ಕೊರೆದ ಗೋಣಿಚೀಲದ ಮೈತುಂಬ ಹರಿವೆ,
ಒಡೆದ ಬೋಗುಣಿಯಲ್ಲಿ ಈರುಳ್ಳಿ ಗರಿ,
ಪಾತ್ರೆ ತೊಳೆದ ನೀರು ಕೋಲಲ್ಲಿ ಗೀಚಿದ ಗೆರೆ ಹಿಡಿದು
ಕುಂಬಳದ ಬುಡಕ್ಕೆ; ಕುಂಬಳವೋ
ಕಕ್ಕಸಿನ ತಗಡು ಹತ್ತಿ ಪಕ್ಕದ ಮನೆಗೆ ಇಣುಕುತ್ತಿತ್ತು.
ಹೇಂಟೆಗಳು ನುಗ್ಗದಂತೆ ಸುತ್ತಲೂ ಹರಿದ ಸೊಳ್ಳೆಪರದೆ,
ಸರಕಾರ ಹಂಚಿದ್ದು.
ಅದನ್ನೆಣಿಸಲು ಬೇರೆಯವರು ಬರುತ್ತಾರೆ.

ನಬುಕೇರ ನನ್ನತ್ತ ನೋಡಲಿಲ್ಲ.
ಎಲೆ ಚಿವುಟುತ್ತಿದ್ದಳು, ಕೆಳಗಿನವು ಮೊದಲು,
ಕುಡಿ ಬಿಟ್ಟು, ಮಲಗಿದ ಮಗುವಿನ ಉಗುರು ಕತ್ತರಿಸುವ ಹಾಗೆ.
ವಾರಕ್ಕೆ ಎಷ್ಟು ಸಿಗುತ್ತದೆ, ಅಂದೆ, ಪೆನ್ನು ತೆಗೆದು.
ಹಸಿವಾದಷ್ಟು, ಅಂದಳು.
ಕಿಲೋ ಲೆಕ್ಕದಲ್ಲಿ?
ತೂಗುವವನು ಬರುವುದು ಕಾಫಿಗೆ,
ವರ್ಷಕ್ಕೆರಡು ಸಲ, ತಕ್ಕಡಿಯೂ ಅವನದೇ.
ಇದನ್ನು ನಾನು ತೂಗುವುದು ಹೀಗೆ, ಎಂದು
ಸೊಂಟಕ್ಕೆ ಸುತ್ತಿದ ಬಟ್ಟೆಯ ಮಡಿಲೆತ್ತಿ ತೋರಿದಳು.

ಬಾಳೆಲೆಯೊಳಗೆ ಬೆಂದ ಬಾಳೆಕಾಯಿ ಮುದ್ದೆ,
ಮೇಲೆ ಕಡಲೆಕಾಯಿ ಗೊಜ್ಜು, ಪಕ್ಕಕ್ಕೆ ಆ ಸೊಪ್ಪು,
ಗೋಲಿಯಷ್ಟೇ ದಪ್ಪದ ಕಹಿಬದನೆ.
ಸೆಬುನ್ಯ ಎರಡು ಸಲ ಬಡಿಸಿಕೊಂಡ.
ನಾನು ಮೂರು.
ಕಾಫಿಯ ಮಾತು ಯಾರೂ ಎತ್ತಲಿಲ್ಲ.

ತಿದ್ದೋಣವೆಂದು ಹಾಳೆ ಬಿಚ್ಚಿದೆ. ಆ ಅಂಕಣದ ತಲೆಗೆ
ಎಕರೆ ಎಂದಿತ್ತು. ಚೀಲ ಎಂದಿರಲಿಲ್ಲ,
ಬೋಗುಣಿ ಎಂದಿರಲಿಲ್ಲ, ಮಡಿಲು ಅಂತೂ ಇಲ್ಲವೇ ಇಲ್ಲ.
ಸೊನ್ನೆ ಹಾಗೇ ಉಳಿಯಿತು.

ಹೊರಡುವಾಗ ಒಣಗಿದ ತೆನೆ ತಿಕ್ಕಿ, ಊದಿ,
ನನ್ನ ಅಂಗೈಗೆ ಸಾಸಿವೆಗಿಂತ ಸಣ್ಣ ಕರಿಬೀಜ ಸುರಿದಳು.
ಕಂಪಾಲಾದಲ್ಲಿ ಮನೆಯಾ?
ಬಾಡಿಗೆ ಕೋಣೆ, ಎರಡನೇ ಮಹಡಿ.
ಬಾಗಿಲ ಮುಂದೆ ಡಬ್ಬಿ ಇಡುವಷ್ಟು ಜಾಗ?
ಅಳೆದಿಲ್ಲ, ಅಂದೆ. ಅಳೆಯುವುದೇ ನನ್ನ ಕೆಲಸವೆಂದು
ನೆನಪಾಗುವಷ್ಟರಲ್ಲಿ ಅವಳು ನಕ್ಕಾಗಿತ್ತು.

ಬೀಜ ಕಟ್ಟಲು ಕಾಗದ ಬೇಕಿತ್ತು.
ಹನ್ನೆರಡನೆಯ ಮನೆಯ ಖಾಲಿ ಹಾಳೆ ಹರಿದೆ.