ಜವರಮ್ಮ, ೬೭, ಮೇಲೂ ಕೆಳಗೂ

ಚೀಟಿಯಲ್ಲಿ ಇದ್ದದ್ದು ಅಷ್ಟೇ.
ಜೊತೆಗೆ ಊರು ದುದ್ದ, ಬಣ್ಣ ಎ-ತ್ರೀ:
ಚಹಾ ಕುಡಿದ ಬಿಳಿ.
ನನಗೆ ಕಾಣುವುದು ಬಾಯಿ ಮಾತ್ರ, ಅದೂ ಅಚ್ಚು.
ಪೆನ್ಷನ್ ಮೊಹಲ್ಲಾದ ಈ ಹತ್ತಡಿ ಲ್ಯಾಬಿಗೆ
ಯಾರ ಮುಖವೂ ಬರುವುದಿಲ್ಲ.

ದನ ಓಡಾಡಿದ ಬದುವಿನಂತೆ ಒಸಡು ಸವೆದಿತ್ತು,
ಎಡಗಡೆ ಹೆಚ್ಚು. ಅಂದರೆ ಎಡಗಡೆಯಿಂದ ಅಗಿದವಳು,
ಎಲೆಯಡಿಕೆಯನ್ನೂ ಅಲ್ಲೇ ಒತ್ತಿಟ್ಟವಳು.
ಹಲ್ಲು ಜೋಡಿಸಿದೆ, ಬೇಯಿಸಿದೆ, ಹೊಳಪು ಕೊಟ್ಟೆ.
ಹನ್ನೊಂದು ತಿಂಗಳು ಯಾರೂ ಕೇಳಲಿಲ್ಲ.
ಡಬ್ಬಿಯ ನೀರಿನಲ್ಲಿ ಇಪ್ಪತ್ತೆಂಟು ಹಲ್ಲು
ನಗುತ್ತಲೇ ಇದ್ದವು,
ನಗು ಯಾರದೆಂದು ಗೊತ್ತಿಲ್ಲದೆ.

ಸಂಜೆ ಆರರ ಮೇಲೆ ನನ್ನ ಮಣ್ಣು ಬೇರೆ.
ಪಾಲಿಮರ್ ಕ್ಲೇ. ಹೆಸರಿಗೆ ಮಣ್ಣು, ಹೊಲ ಕಂಡಿಲ್ಲ,
ನೀರು ಕೇಳುವುದಿಲ್ಲ, ಒಣಗುವುದೂ ಇಲ್ಲ.
ಅರ್ಧ ಮೂಗು ಮಾಡಿ ಬಿಟ್ಟು, ಮದುವೆಗೆ ಹೋಗಿ,
ಜ್ವರ ಬಂದು ಮಲಗಿ ಎದ್ದರೂ
ಬಿಟ್ಟ ಬೆರಳಚ್ಚಿನಲ್ಲೇ ಕಾಯುತ್ತಿರುತ್ತದೆ.
ಇಷ್ಟು ತಾಳ್ಮೆಯ ಮೇಲೆ ನನಗೆ ಸ್ವಲ್ಪ ಅನುಮಾನ.

ಹತಾರ ಹೊಸದಾಗಿ ಕೊಂಡಿಲ್ಲ.
ಮೇಣ ಕೆತ್ತುವ ಚಮಚ ಕಣ್ಣರೆಪ್ಪೆಗೆ,
ಹುಳುಕು ಕೆದಕುವ ಕೊಕ್ಕೆ ಮೂಗಿನ ಹೊಳ್ಳೆಗೆ,
ಹಳೇ ಬ್ರಶ್ಶಿನ ಬಿರುಗೂದಲು ತಟ್ಟಿದರೆ
ಕೆನ್ನೆಗೆ ಚರ್ಮ ಬರುತ್ತದೆ, ರಂಧ್ರ ಸಮೇತ.
ಅತ್ತಿಗೆಯ ಚಕ್ಕುಲಿ ಒರಳಿಗೆ ಶಾವಿಗೆ ಬಿಲ್ಲೆ ಹಾಕಿ
ಬೂದುಗೂದಲು ಒತ್ತಿದೆ.
(ಒರಳು ವಾಪಸು ಕೊಡುವಂತಿಲ್ಲ,
ಇನ್ನದು ತಿನ್ನುವ ಸಾಮಾನಲ್ಲ.
ಅತ್ತಿಗೆ ಮಾತು ಬಿಟ್ಟಿದ್ದಾರೆ.)

ತಲೆಬುರುಡೆ, ಬಿರಿಯಾನಿ ಕಟ್ಟಿ ಬಂದ ಅಲ್ಯೂಮಿನಿಯಂ ಹಾಳೆಯ ಉಂಡೆ.
ಕತ್ತು, ಮುರಿದ ಕೊಡೆಯ ಕಡ್ಡಿ.
ಆದರೆ ಮುಖ ಬೆಳೆದದ್ದು ಹಲ್ಲಿನಿಂದ ಹೊರಕ್ಕೆ:
ತುಟಿ ಎಷ್ಟು ಉಬ್ಬಬೇಕೆಂದು ಹಲ್ಲು ಹೇಳಿತು,
ಕೆನ್ನೆ ತುಟಿಯನ್ನು ಕೇಳಿಕೊಂಡಿತು,
ಕಣ್ಣಿನ ಹೊತ್ತಿಗೆ ಹೇಳುವವರು ಯಾರೂ ಉಳಿದಿರಲಿಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗಿ ನಿಂತೆ.
ಆಲೂಗಡ್ಡೆ ಚೀಲದ ಹಿಂದೆ ಕೂತವಳೊಬ್ಬಳು
ಚಿಲ್ಲರೆ ಇಲ್ಲ ಎನ್ನುವಾಗ ಕಣ್ಣು ಕಿರಿದು ಮಾಡಿದಳು.
ಅದನ್ನು ಕದ್ದು ತಂದೆ.
ಸೆರಗಿಗೆ ಅವಳ ಚೀಲದ ಗೋಣಿತಾಟು,
ಕಿವಿಗೆ ಹಳೇ ತಕ್ಕಡಿಯ ಹಿತ್ತಾಳೆ ಕೊಂಡಿ.

ನೂರಾ ಮೂವತ್ತು ಡಿಗ್ರಿ, ಅರ್ಧ ಗಂಟೆ.
ಆ ಕಾವಿಗೆ ಹಲ್ಲಿನ ಸೆಟ್ಟು ಸೊಟ್ಟಗಾಗುತ್ತದೆ,
ಪ್ಲಾಸ್ಟರಿನ ನಕಲು ಕಚ್ಚಿಸಿ ಒಳಗಿಟ್ಟೆ.
ಹದಿನೇಳನೇ ನಿಮಿಷಕ್ಕೆ ಕರೆಂಟು ಹೋಯಿತು.
ಪಕ್ಕದ ಮನೆಯಲ್ಲಿ ಸೀರಿಯಲ್ ನಿಂತು
ಮನೆಯವರೇ ಮಾತಾಡತೊಡಗಿದರು.
ಓವನ್ನಿನ ಬಾಗಿಲಿಗೆ ಅಂಗೈ ಒಡ್ಡಿ ಕೂತೆ.
ಬಂದ ಮೇಲೆ ಮೊದಲಿನಿಂದ ಬೇಯಿಸಿದೆ;
ಕಿವಿಯ ಹಿಂದೊಂದು ಬಿರುಕು, ಇರಲಿ ಎಂದು ಬಿಟ್ಟೆ.
ತಣಿದ ಮೇಲೆ ನಿಜದ ಹಲ್ಲು ತೊಡಿಸಿದೆ.
ಟಿಕ್ ಎಂದು ಕೂತಿತು.
ನೋಡಿದವರು, ಬೇಲೂರಿನ ಬಾಲಿಕೆ ಮಾಡಬಾರದಾ,
ಫ್ರಿಡ್ಜಿಗೆ ಅಂಟಿಸಬಹುದು, ಎಂದರು.

ಮೊನ್ನೆ ಕ್ಲಿನಿಕ್ಕಿನಿಂದ ಇಮ್ತಿಯಾಜನ ಫೋನು:
ಅಣ್ಣ, ಆ ದುದ್ದದ ಅಮ್ಮನ ಸೆಟ್ ಐತಾ? ಬಂದವ್ರೆ.
ಸೊಂಟ ಮುರ್ಕೊಂಡು ಮಲಗಿದ್ರಂತೆ,
ಈಗ ಓಡಾಡ್ತಾರೆ, ಕಡ್ಲೆ ತಿನ್ಬೇಕಂತೆ.
ಇದೆ, ಎಂದೆ.
ಎನ್ನುವಾಗ ಅವಳ ಮುಖವನ್ನೇ ನೋಡುತ್ತಿದ್ದೆ.

ಕಿತ್ತೆ. ಉಗುರುಬೆಚ್ಚನೆ ನೀರು, ಸೋಪು, ಬ್ರಶ್ಶು.
ಕೆನ್ನೆಬಣ್ಣದ ಒಂದು ಚೂರು
ದವಡೆಹಲ್ಲಿನ ಸಂದಿಯಲ್ಲಿ ಸಿಕ್ಕಿತ್ತು,
ಊಟದ ಅಗುಳಿನಂತೆ. ಸೂಜಿಯಲ್ಲಿ ತೆಗೆದೆ.
ನೀವೂ ಬನ್ನಿ, ಸರಿಯಾಗಿ ಕೂರುತ್ತಾ ನೋಡಿ, ಎಂದ.
ಹೋಗಲಿಲ್ಲ.

ಬೆಂದ ತುಟಿ ಒಳಗೆ ಕುಸಿಯುವುದಿಲ್ಲ.
ಹಲ್ಲು ಇದ್ದಂತೆಯೇ ಉಬ್ಬಿ ನಿಂತಿದೆ,
ಹಿಂದೆ ಕತ್ತಲು, ಕತ್ತಲಿನ ಹಿಂದೆ
ಮುದುರಿದ ಬೆಳ್ಳಿಹಾಳೆ ಸ್ವಲ್ಪ ಮಿನುಗುತ್ತದೆ.
ದುದ್ದದಲ್ಲಿ ಯಾರೋ
ನಾನು ಕಾಣದ ಮುಖದಿಂದ ಕಡಲೆ ಅಗಿಯುತ್ತಿರಬೇಕು.

ಇವತ್ತು ದೂರು ಬಂದಿದೆ: ಕೆಳಗಿನದು ಸಡಿಲ.
ಹನ್ನೊಂದು ತಿಂಗಳಲ್ಲಿ ಒಸಡು ಕಾದಿರುವುದಿಲ್ಲ.
ಹೊಸ ಅಚ್ಚು ಕಳಿಸಿ ಎಂದಿದ್ದೇನೆ.