ಎಲ್ಲ ಕಾಲಕ್ಕೂ

ಆದಿಉಡುಪಿಯ ಇದ್ದಿನಬ್ಬನ ಅಂಗಡಿಯಲ್ಲಿ
ಹೊಸ ಟಯರು ಗೋಡೆಗೊರಗಿ ಕೂತಿದೆ,
ಮೈತುಂಬ ಎಳೆಯೆಳೆ ರಬ್ಬರಿನ ರೋಮ,
ಹುಟ್ಟಿ ವಾರವಾಗದ ಕರುವಿನ ಹಾಗೆ.

ಪಕ್ಕೆಯಲ್ಲಿ ಮೂರು ಚಿತ್ರ:
ಒಂದು ಸೂರ್ಯ, ಒಂದು ಹನಿ,
ಇನ್ನೊಂದು ಆರು ಕಾಲಿನ ಎಂತದೋ ಹುಳ.
‘ಹುಳ ಅಲ್ಲ ಮಾರಾಯ, ಹಿಮ.
ಎಲ್ಲ ಕಾಲಕ್ಕೂ ಆಗ್ತದೆ ಅಂತ
ಕಂಪನಿಯವರೇ ಅಚ್ಚು ಹಾಕಿದ್ದಾರೆ.’

ಹಿಮ!
ಪುಯಿಂತೆಲಿನ ನಡುರಾತ್ರಿಯೂ
ಬನಿಯನು ಬೆನ್ನಿಗಂಟುವ ಊರು ಇದು.
ನನ್ನ ಅಜ್ಜಿ ಜನ್ಮದಲ್ಲಿ ಹೊದ್ದದ್ದು
ಒಂದು ಹಳೆ ಸೀರೆ, ಅದೂ ಸೊಳ್ಳೆಗೆ.

ನಗು ಅರ್ಧಕ್ಕೆ ನಿಂತಿತು.
ಹೊರಗೆ ನನ್ನ ಟೆಂಪೊ ಉಂಟಲ್ಲ,
ಹನ್ನೊಂದು ವರ್ಷದಿಂದ ಅದು ಹೊರುವುದು
ಚಳಿಗಾಲವನ್ನೇ.
ಬೆಳಗಿನ ಮೂರಕ್ಕೆ ಮಲ್ಪೆಯಲ್ಲಿ
ವಾಸು ಕೋಟ್ಯಾನ್ ಕೊಕ್ಕೆ ಹಾಕಿ ಎಳೆದು
ಹಲಗೆಯ ಮೇಲೆ ಜಾರಿಸಿ ಬಿಡುವ ಮೂವತ್ತು ಗಡ್ಡೆ,
ಹೊಟ್ಟು, ಗೋಣಿ, ಮೇಲೊಂದು ಟರ್ಪಾಲು.
ಕಾರ್ಕಳ ಮುಟ್ಟುವಾಗ
ಐದರಲ್ಲೊಂದು ಪಾಲು ದಾರಿಯೇ ಕುಡಿದಿರುತ್ತದೆ.

ಟಯರಿನ ವಿದ್ಯೆ ನನಗೂ ಕೊಂಚ ಬರುತ್ತದೆ.
ರೂಪಾಯಿಯ ನಾಣ್ಯ ಗೀರಿಗೆ ಸಿಕ್ಕಿಸಿ
ಎಷ್ಟು ಮುಳುಗಿತೆಂದು ನೋಡುತ್ತೇನೆ.
ಬೇಸಗೆಗೆ ರೀಸೋಲೂ ನಡೆದೀತು.
ಆಟಿಯ ಜಡಿಮಳೆ ಕೂಡ ಕೆಟ್ಟದ್ದಲ್ಲ,
ರಸ್ತೆಯನ್ನು ತೊಳೆದು ಇಟ್ಟಿರುತ್ತದೆ.
ಹೆದರಬೇಕಾದ್ದು ಬೇಶದ ಕೊನೆಗೆ,
ಮೊದಲ ಮಳೆಯ ಮೊದಲ ಹತ್ತು ನಿಮಿಷಕ್ಕೆ:
ಏಳು ತಿಂಗಳ ಎಣ್ಣೆ, ಧೂಳು, ಮೀನಿನ ನೀರು
ಒಟ್ಟಿಗೆ ಲೋಳೆಯಾಗಿ ಎದ್ದು ಬರುವಾಗ
ಸ್ಟೇರಿಂಗ್ ಎಂಬುದು
ಮಗುವಿನ ಕೈಗೆ ಕೊಟ್ಟ ಆಟದ ಸಾಮಾನು.

ಆ ದಿನ ಮಳೆ ಇರಲಿಲ್ಲ.
ಪುಯಿಂತೆಲೇ. ಪರ್ಕಳದ ಇಳಿಜಾರು
ಒಣಗಿ ಬೆಳ್ಳಗಿತ್ತು.
ತಿರುವಿನಲ್ಲಿ ಟೆಂಪೊ ಬಾಗಿತು,
ಹಿಂದೆ ಕಟ್ಟಿದ್ದ ನೀರು ಒಮ್ಮೆಗೇ ಸುರಿಯಿತು.
ಸದ್ದು ಕೇಳಿಸಿತ್ತು. ದಿನವೂ ಕೇಳುವ ಸದ್ದು.
ಕನ್ನಡಿಯಲ್ಲಿ ಒಂದು ಹೆಡ್‌ಲೈಟು ಬರುತ್ತಿತ್ತು,
ನೋಡುತ್ತಿದ್ದ ಹಾಗೆ
ಮಲಗಿತು.

ಸುಕೇಶ. ಮಣಿಪಾಲದಿಂದ ಹಿರಿಯಡ್ಕಕ್ಕೆ
ಪೇಪರಿನ ಕಟ್ಟು ಒಯ್ಯುವವನು.
ನಾಳಿನ ಸುದ್ದಿ ಇಂದೇ ಒದ್ದೆಯಾಗಿ
ರಸ್ತೆಗೆ ಅಂಟಿಕೊಂಡಿತ್ತು.
ಹೆಗಲ ಎಲುಬು ಹಿಡಿದು ಕೂತಿದ್ದ ಹುಡುಗ
ಇನ್ನೊಂದು ಅಂಗೈಯಲ್ಲಿ ಡಾಂಬರು ಮುಟ್ಟಿ,
ಆಕಾಶ ನೋಡಿ, ನನ್ನನ್ನು ಕೇಳಿದ:
‘ಅಣ್ಣ, ಮಳೆ ಯಾವಾಗ ಬಂತು?’

ಆಸ್ಪತ್ರೆಗೆ ನಾನೇ ಸೇರಿಸಿದೆ.
ಅವನ ಅಮ್ಮ ಎರಡೂ ಕೈ ಹಿಡಿದು
ದೇವರ ಹಾಗೆ ಬಂದಿರಿ ಅಂದರು.
ಉತ್ತರ ಆವಾಗಲೂ ಬಾಯಲ್ಲಿತ್ತು,
ಬಾಯಲ್ಲೇ ಉಳಿಯಿತು. ಅದು ಕರಗುವ ಜಾತಿಯದಲ್ಲ.

‘ಹಾಕ್ಲಾ?’ ಇದ್ದಿನಬ್ಬ ಜಾಕಿ ಹಿಡಿದು ಕೇಳಿದ.
‘ನನಗೆ ಇದು ಸಾಕು, ಬ್ಯಾರಿ.
ನನ್ನ ಹಿಂದೆ ಬರುವವನಿಗೆ?’
ಅವನು ನನ್ನ ಮುಖ ನೋಡಿದ. ಟೆಂಪೊದ ಅಡಿ ನೋಡಿದ,
ಹನಿ ಬಿದ್ದು ಅಂಗಳದಲ್ಲಿ ಒಂದು ಕಪ್ಪು ವೃತ್ತ.
ಏನೂ ಕೇಳಲಿಲ್ಲ.
ಮೂಲೆಯಿಂದ ಹರಿದ ಟ್ಯೂಬೊಂದನ್ನು ಎಳೆದು
ಮೊಳದುದ್ದ ಕತ್ತರಿಸಿ, ತೂತಿನ ಬಾಯಿಗೆ ಬಿಗಿದು
ಕೆಳಗೊಂದು ಕ್ಯಾನು ಕಟ್ಟಿದ.
ದುಡ್ಡು ಹಿಡಿದದ್ದು ಟಯರಿಗೆ ಮಾತ್ರ.
ಹಿಂದಿನ ಎರಡಕ್ಕೆ ಹಾಕಿಸಿದೆ. ಮುಂದಿನದು,
ಬೋಟು ಮತ್ತೆ ಇಳಿದ ಮೇಲೆ ನೋಡುವ.

ಹಿರಿಯಡ್ಕ ದಾಟುವಷ್ಟರಲ್ಲಿ ಕರುವಿನ ರೋಮ ಸವೆದಿತ್ತು.
ಪರ್ಕಳದ ತಿರುವಿನಲ್ಲಿ ನಿಧಾನಿಸಿ
ಕಿವಿ ಹಿಂದಕ್ಕೆ ಕೊಟ್ಟಿದ್ದೆ:
ರಸ್ತೆಗಲ್ಲ, ಕ್ಯಾನಿಗೆ ಬಿದ್ದ ಸದ್ದು.
ಕಾರ್ಕಳದಲ್ಲಿ ಬಿಚ್ಚಿದರೆ ಮುಕ್ಕಾಲು ತುಂಬಿದೆ.
ಚೆಲ್ಲಲು ಜಾಗ ಹುಡುಕುತ್ತ ನಿಂತೆ.
ಬೇಶದ ಸೆಕೆ, ಮೋಡ ಇನ್ನೂ ಘಟ್ಟದ ಆಚೆ.
ಒಂದು ಬೊಗಸೆ ಮುಖಕ್ಕೆ ಹಾಕಿಕೊಂಡೆ.

ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು.