ಒತ್ತು

ಕಾಟನ್ ಮಾರ್ಕೆಟ್ಟಿನ ಹಿಂದೆ, ಹತ್ತಿ ಇಲ್ಲದ ಗೋದಾಮು.
ತಗಡಿನ ಸಂದಿಯಲ್ಲಿ ಇನ್ನೂ ಒಂದೆರಡು ಅರಳೆ,
ಫ್ಯಾನು ಹಾಕಿದರೆ ಅವೇ ಮೊದಲು ಕುಣಿಯುತ್ತವೆ.
ಇಲ್ಲಿ ನಾನು ಗೋಡೆಗೆ ಹಾಡು ತೂಗುಹಾಕಬೇಕು.

ಅಂದರೆ ಪೋಸ್ಟರು. ಹನ್ನೊಂದು ವರ್ಷದಲ್ಲಿ
ಈ ಊರು ಮಾಡಿದ ಹೊಸ ಸದ್ದಿನ ಮುಖಪುಟಗಳು,
ಕಾಲೇಜು ಬ್ಯಾಂಡುಗಳ ಕರಪತ್ರ,
ರ್‍ಯಾಪ್ ಹುಡುಗರು ರಾತ್ರಿ ಎರಡಕ್ಕೆ ಮೈದಾ ಅಂಟು ಕಲಸಿ
ದುರ್ಗದಬೈಲಿನ ಶಟರಿಗೆ ಮೆತ್ತಿದ ಹಾಳೆ.
ಅದರಲ್ಲಿ ಕೆಂಪು ಒಂದು ನೂಲು ಸರಿದು
ಅಕ್ಷರ ಅಕ್ಷರಕ್ಕೂ ಪ್ರತಿಧ್ವನಿ ಹುಟ್ಟಿದೆ.
ಗದಗಿನ ಪ್ರೆಸ್ಸಿನವರು ತಪ್ಪಾಯಿತೆಂದು ಅರ್ಧ ರೊಕ್ಕ ಬಿಟ್ಟರಂತೆ;
ಹುಡುಗರು ಮುಂದಿನ ಸಲ ಅದೇ ತಪ್ಪು ಬೇಕೆಂದರಂತೆ.

ದಾನೇಶ್ವರಿ ಕಬ್ಬೂರ ಫೋನಿನಲ್ಲಿ ಹೇಳಿದ್ದು ಒಂದೇ ಮಾತು:
"ನನ್ನ ಟ್ರ್ಯಾಕಿನ ಬಾಜೂಕ ತಂಬೂರಿ ಚಿತ್ರ ಹಾಕಿದ್ರ
ನಾ ಬರೂದಿಲ್ಲ ನೋಡ್ರಿ."
ಟಾಯರ್ ಅಂಗಡಿಯ ಮಾಳಿಗೆಯಲ್ಲಿ ಅವಳ ಕೋಣೆ.
ಕೆಳಗಿನ ಕಂಪ್ರೆಸರ್ ನಿಂತಾಗ ಮಾತ್ರ ರೆಕಾರ್ಡಿಂಗು,
ಒಮ್ಮೊಮ್ಮೆ ಆ ಕಾಯುವಿಕೆಯನ್ನೂ ಹಾಡಿಗೆ ಸೇರಿಸುತ್ತಾಳೆ.
ಅವಳ ಮುಖಪುಟ ಬರೀ ಬೂದು. ಮೂಲೆಯಲ್ಲೊಂದು ಕೊಂಬು,
ಯಾವ ಅಕ್ಷರಕ್ಕೂ ಸೇರದ್ದು.
ಮೊದಲ ಸಲ ಕಂಡಾಗ ನನಗೆ ಹೊಟ್ಟೆಕಿಚ್ಚಾಗಿತ್ತು.

ಏಳು ಸ್ಪೀಕರು ಹಚ್ಚಿದೆವು. ಏಳೂ ಒಂದೇ ಆದವು.
ತಗಡು ಎಲ್ಲವನ್ನೂ ನುಂಗಿ ಸಂತೆ ಮಾಡಿ ಉಗುಳಿತು.
ಹಾಳೆಯ ಪಕ್ಕ ಹಾಳೆ ಸುಮ್ಮನೆ ಕೂರುತ್ತದೆ,
ಬಾಯಿಗೆ ಬಾಯಿ ಹಾಕುವುದಿಲ್ಲ;
ಸದ್ದಿಗೆ ಅಂಚು ಕತ್ತರಿಸುವುದು ಹೇಗೆ?
ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ ಮೌನೇಶ ಬಡಿಗೇರ,
ಹೆಸರಿಗಷ್ಟೇ ಮೌನ, ಕೂಗಿ ಹೇಳಿದ: "ನದಾಫರನ್ನ ಕರೀರಿ."

ಬುಡನಸಾಬ ನದಾಫರು ಟಂಟಂನಲ್ಲಿ ಆರು ಗಾದಿ ತಂದರು,
ಸ್ಪೀಕರು ಸ್ಪೀಕರಿನ ನಡುವೆ ನಿಲ್ಲಿಸಿ ಹಗ್ಗ ಬಿಗಿದರು.
ಬೀಟು ಹೋಗಿ ಗಾದಿಯಲ್ಲಿ ಮಲಗಿತು.
ಆಮೇಲೆ ದಾನೇಶ್ವರಿಯ ಬಾಸ್ ಒಂದೇ ಕೇಳಿತು. ಅವರು ತಲೆ ಎತ್ತಿದರು:
"ಇದು ನಮ್ಮಪ್ಪನ ಬಿಲ್ಲಿನ ಸಪ್ಪಳ ಐತಲ್ಲ.
ಹತ್ತಿ ಯಾರು ಹಿಂಜಾಕತ್ತಾರ?"
ಯಾರೂ ಇಲ್ಲ, ಲ್ಯಾಪ್‌ಟಾಪು, ಅಂದೆ.
ನಂಬದೆ ಸ್ಪೀಕರಿನ ಹಿಂದೆ ಹೋಗಿ ನೋಡಿ ಬಂದರು.

ಆ ಬಿಲ್ಲು ತರಿಸಬೇಕು, ನಡುಗೋಡೆಗೆ ಹಾಕಬೇಕು,
ಕೆಳಗೊಂದು ಚೀಟಿ. ನನ್ನ ತಲೆಯಲ್ಲಿ ಆಗಲೇ ಫಾಂಟು ಆರಿಸಿಯಾಗಿತ್ತು.
"ಮಷೀನ್ ಬಂದ ವರ್ಷ ನೀರು ಕಾಸಾಕ ಒಲಿಗೆ ಹಾಕೇವ್ರಿ,"
ಅಂದು ಗಾದಿಯ ಬಾಡಿಗೆ ಎಣಿಸಿಕೊಂಡರು.

ಸಂಜೆ ಹೆಬ್ಬಾಗಿಲಿನ ಹೆಸರು ಬಂತು, ಸ್ಟಿಕರಿನಲ್ಲಿ.
ಹಾಳೆಗೆ ಅಚ್ಚಿನದು, ತಾಳಕ್ಕೆ ಪೆಟ್ಟಿನದು,
ಅಕ್ಷರಕ್ಕೆ ಕಾಲಡಿಯದು, ಎಲ್ಲಕ್ಕೂ ಒಂದೇ ಪದ
ಸಿಕ್ಕ ದಿನ ಆಟೋದವನಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟಿದ್ದೆ.
ಈಗ ಗೋಡೆಯ ಮೇಲೆ ನಾಲ್ಕಡಿ ಎತ್ತರ ನಿಂತಿದೆ: ಒತು.
ಕೆಳಗಿನ ತಕಾರ ಎಲ್ಲಿ?
ಪೊಟ್ಟಣ ಬಿಚ್ಚಿ ನೋಡಿದೆವು, ಗಾದಿ ಸರಿಸಿ ನೋಡಿದೆವು.
ಮೌನೇಶನ ಅಂಗಿಯ ಬೆನ್ನಿಗೆ ಅಂಟಿಕೊಂಡಿತ್ತು.
ಅದನ್ನು ಹೊತ್ತೇ ಮೂಲೆಯಂಗಡಿಯಲ್ಲಿ ಗಿರಮಿಟ್ ತಿಂದು ಬಂದಿದ್ದ.

ಅಂಟಿನ ತುಂಬ ಅರಳೆ. ಗೋಡೆ ಹಿಡಿಯಲಿಲ್ಲ.
ನೆಲದ ಮೇಲಿದೆ, ದಾನೇಶ್ವರಿಯ ಸ್ಪೀಕರಿನ ಮುಂದೆ.
ಬಾಸ್ ಬಂದಾಗಲೊಮ್ಮೆ ಅದರ ತುದಿ ಏಳುತ್ತದೆ.
ನಾಳೆ ಹತ್ತಕ್ಕೆ ಉದ್ಘಾಟನೆ.
ಹೊಸ ಅಂಟು ತಂದಿದ್ದೇನೆ.
ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ.